ಅವ್ವ ಮಸೆದ ಅಲಗು

ಬೇಸಿಗೆಯ ಇಳಿಹೊತ್ತಿನಲ್ಲಿ ಕಾದ ಶಹಾಬಾದಿ ಪರಸಿ ಕಲ್ಲಿಗೆ ನೀರು ಚೆಲ್ಲಿದರೆ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯ ಹಾಗೆ ಅದು ಮೂಗು ತುಂಬಿ ಬರುವುದಿಲ್ಲ. ತೆಳ್ಳಗೆ, ತಣ್ಣಗೆ, ನಾಲಿಗೆಯ ತುದಿಗೆ ಕಬ್ಬಿಣ ತಾಗಿದಂತೆ ಬಂದು ಕ್ಷಣದಲ್ಲಿ ಹೋಗಿಬಿಡುತ್ತದೆ. ಮಾನ್ವಿಯ ನನ್ನ ಮನೆಯ ಮುಂದೆ ಈಗಲೂ ನಾನು ದಿನಾ ಸಂಜೆ ನೀರು ಚೆಲ್ಲುತ್ತೇನೆ. ಚೆಲ್ಲಿ, ಖಾಲಿ ಚೆಂಬು ಹಿಡಿದುಕೊಂಡು ಆ ವಾಸನೆ ಆರುವ ತನಕ ನಿಲ್ಲುತ್ತೇನೆ. ಯಾರಾದರೂ ನೋಡಿದರೆ ಏನೋ ಮರೆತವಳ ಹಾಗೆ ನಿಂತಿದ್ದಾಳೆ ಅಂದುಕೊಳ್ಳಬಹುದು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು, ಬೇರೆಯವರಿಗೆ ಹೇಳಿದರೆ ಏನೂ ಅನ್ನಿಸದಂಥದು, ನಿಮ್ಮನ್ನು ಮಾತ್ರ ನಿಂತಲ್ಲೇ ನಿಲ್ಲಿಸುವಂಥದು. ನನಗೆ ಆ ವಾಸನೆ ಎಂದರೆ ಒದ್ದೆ ಪರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಸಾಣೆಕಲ್ಲು ಉಜ್ಜುತ್ತಿದ್ದ ಅವ್ವ.

ನಮ್ಮ ಮನೆ ರಾಯಚೂರಿನ ಸ್ಟೇಷನ್ನಿನ ಹಿಂದುಗಡೆ, ಹತ್ತಿ ಮಿಲ್ಲುಗಳ ಕೂಲಿಯವರು ಇರುತ್ತಿದ್ದ ಸಾಲುಮನೆಗಳಲ್ಲಿ ಇತ್ತು. ಒಂದು ಕೋಣೆ, ಅದಕ್ಕಂಟಿಕೊಂಡು ಹೊಗೆ ಹಿಡಿದ ಅಡುಗೆಮನೆ, ಮುಂದೆ ಎರಡು ಪರಸಿ ಹಾಸಿದಷ್ಟು ಕಟ್ಟೆ. ಒಂದು ಕಡೆಯಿಂದ ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಹಬೆಯ ವಾಸನೆ ಬರುತ್ತಿತ್ತು. ಇನ್ನೊಂದು ಕಡೆಯಿಂದ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲಿ ಬಂದು ರೊಟ್ಟಿಯ ಮೇಲೆ, ನೀರಿನ ಕೊಡದ ಮೇಲೆ, ನಮ್ಮ ಕಣ್ಣೆವೆಯ ಮೇಲೆ ಕೂರುತ್ತಿದ್ದವು. ನಮ್ಮದು ಮಲ್ಲಟದ ಕುರಿ ಕಾಯುವ ಮನೆತನ. ಅಪ್ಪ ಬೀರಪ್ಪ ಹರೆಯದಲ್ಲೇ ಕುರಿ ಅಣ್ಣತಮ್ಮಂದಿರಿಗೆ ಬಿಟ್ಟು ರಾಯಚೂರಿಗೆ ಬಂದು ಹತ್ತಿ ಮಿಲ್ಲೊಂದರಲ್ಲಿ ಮಶೀನಿನ ಮೇಲೆ ಕೆಲಸಕ್ಕೆ ನಿಂತಿದ್ದ. ಅವ್ವ ಮಾಳವ್ವ ದೇವದುರ್ಗದವಳು. ಮದುವೆಯಾದ ಮೇಲೆ ಅವಳೂ ಅದೇ ಮಿಲ್ಲಿನ ಗೋದಾಮಿನಲ್ಲಿ ಹತ್ತಿ ಆರಿಸಲು ಹೋಗುತ್ತಿದ್ದಳು. ಅಪ್ಪ ನೋಡಲು ಚೆಂದವಿದ್ದ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಆ ಮುಖದ ನೆನಪೇ ಇಲ್ಲ. ನನಗೆ ಗೊತ್ತಿರುವುದು ಬೆಂಕಿಯ ನಂತರದ ಮುಖ.

ನನಗಾಗ ಆರು ವರ್ಷ. ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ, ಹತ್ತಿಯ ಸುಗ್ಗಿ. ಗೋದಾಮಿಗೆ ಬೆಂಕಿ ಬಿದ್ದ ಮಧ್ಯಾಹ್ನ ನಾನು ಮನೆಯಲ್ಲಿ ಮಲಗಿದ್ದೆ. ಯಾರೋ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಹೊರಗೆ ಓಡಿದ್ದು, ಆಕಾಶದಲ್ಲಿ ಬಿಳಿ ಹೊಗೆ, ಸುಟ್ಟ ಬಟ್ಟೆಯಂಥ ವಾಸನೆ, ಇಷ್ಟೇ ನೆನಪು. ಅಪ್ಪ ಗೋದಾಮಿನ ಒಳಗೆ ಹೋಗಿದ್ದನಂತೆ. ಬೆಂಕಿ ಆರಿಸಲು ಹೋಗಿದ್ದ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಮೂರು ತಿಂಗಳು ದವಾಖಾನೆಯಲ್ಲಿದ್ದು ಬಂದಾಗ ಅವನ ಎಡಗೆನ್ನೆ, ದವಡೆ, ಕತ್ತಿನ ಅರ್ಧ ಭಾಗ ಕರಗಿ ಗಟ್ಟಿಯಾದ ಮೇಣದ ಹಾಗೆ ಆಗಿತ್ತು. ಗಡ್ಡ ಬಲಗೆನ್ನೆಯಲ್ಲಿ ಮೊದಲಿನಂತೆಯೇ ಬೆಳೆಯುತ್ತಿತ್ತು. ಎಡಗಡೆ ಮಾತ್ರ ಸುಟ್ಟ ತೊಗಲಿನ ಅಂಚಿನಲ್ಲಿ, ಅಲ್ಲಲ್ಲಿ ಉಳಿದ ಒಳ್ಳೆಯ ತೊಗಲಿನ ತುಣುಕುಗಳಲ್ಲಿ, ಉರಿದುಹೋದ ಹೊಲದಲ್ಲಿ ಉಳಿದ ಕೂಳೆಯ ಹಾಗೆ ಏಳುತ್ತಿತ್ತು. ಬೆವರಿಗೆ ಅದು ತುರಿಸುತ್ತಿತ್ತು, ತುರಿಸಿದರೆ ಕೀವಾಗುತ್ತಿತ್ತು.

ಒಂದು ಸಲ ಬಜಾರಿನ ಕಟಿಂಗ್ ಅಂಗಡಿಗೆ ಹೋದ. ಅಂಗಡಿಯವನು ಕೆಟ್ಟವನೇನಲ್ಲ, ನಾಲ್ಕು ಕಡೆ ರಕ್ತ ಬಂದ ಮೇಲೆ ಕತ್ತಿ ಕೆಳಗಿಟ್ಟ. ಪಕ್ಕದ ಕುರ್ಚಿಯಲ್ಲಿದ್ದವನೊಬ್ಬ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿ ಎದ್ದು ಹೊರಗೆ ಹೋಗಿ ನಿಂತ. ಅರ್ಧ ಮುಖಕ್ಕೆ ಸೋಪು ಇರುವಾಗಲೇ ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಮನೆಗೆ ಬಂದ. ಆಮೇಲೆ ಆ ಟವೆಲ್ಲು ಬಿಚ್ಚಲಿಲ್ಲ. ಉಣ್ಣುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನಾನು ಹತ್ತಿರ ಹೋದರೆ, "ಹೊರಗ ಆಡು ಹೋಗವ್ವ" ಅನ್ನುತ್ತಿದ್ದ. ಅವ್ವ ಬ್ಲೇಡು ಹಾಕುವ ಸಣ್ಣ ರೇಜರಿನಿಂದ ತಾನೇ ಒಮ್ಮೆ ಪ್ರಯತ್ನಿಸಿದಳು. ಅದರ ಹಲ್ಲು ಗಾಯದ ಏಣುಗಳಿಗೆ ಸಿಕ್ಕಿಬಿದ್ದು ಮತ್ತೆ ರಕ್ತ ಬಂತು. ಆಗ ರೈಲ್ವೆಯಲ್ಲಿದ್ದ ನನ್ನ ಸೋದರಮಾವ ಸೊಲ್ಲಾಪುರದಿಂದ ಒಂದು ಕ್ಷೌರದ ಕತ್ತಿ ತಂದುಕೊಟ್ಟ. ಮಡಚುವಂಥದು, ಕಪ್ಪು ಹಿಡಿಕೆ, ಸ್ಟೀಲಿನ ಅಲಗು. ನಮ್ಮ ಕಡೆ ಅದಕ್ಕೆ ಉಸ್ತರಾ ಅನ್ನುತ್ತಾರೆ. ಹೊಸದಾದರೂ ಅದಕ್ಕೆ ಹರಿತವಿರಲಿಲ್ಲ. ಅವ್ವ ಕುಡುಗೋಲು ಮಸೆಯುವ ಕಲ್ಲಿಗೆ ಅದನ್ನು ಉಜ್ಜಿ, ಅಲಗಿನ ಬಾಯಿ ಅನ್ನುವ ಹರಿತದ ಅಂಚನ್ನೂ ಹಾಳು ಮಾಡಿದಳು. ಅದರ ಮರುವಾರ ಉಸ್ತರಾವನ್ನು ಒಂದು ಹಳೆಯ ಕುಬಸದಲ್ಲಿ ಸುತ್ತಿ, ನನ್ನ ಕೈ ಹಿಡಿದು, ದೇವದುರ್ಗದ ಬಸ್ಸು ಹತ್ತಿದಳು.

ಅವ್ವನ ತವರುಮನೆಯ ಓಣಿಯ ಕೊನೆಯಲ್ಲಿ ಹಡಪದ ಹಂಪಯ್ಯ ತಾತನ ಮನೆ. ಐವತ್ತು ವರ್ಷ ಆ ಊರಿನ ಗಡ್ಡ ತಲೆ ಎರಡನ್ನೂ ನೋಡಿಕೊಂಡವನು. ಈಗ ಎರಡೂ ಕಣ್ಣಿಗೆ ಪೊರೆ ಬಂದು ಬೇವಿನ ಮರದ ಕೆಳಗೆ ಸುಮ್ಮನೆ ಕೂತಿರುತ್ತಿದ್ದ. ಅವ್ವ ಅವನ ಮುಂದೆ ಕೂತು ಉಸ್ತರಾವನ್ನು ಅವನ ಕೈಗಿಟ್ಟಳು.

"ತಾತಾ, ಇದನ್ನ ಮಸಿಯೋದು ನನಗ ಕಲಸ್ರಿ."

ತಾತ ಅದನ್ನು ಅಂಗೈಯಲ್ಲಿ ತೂಗಿದ, ಅಲಗಿಗೆ ಹೆಬ್ಬೆರಳಿನ ಉಗುರು ತಾಗಿಸಿದ. "ಕುಡಗೋಲು ಮಸಿದಂಗ ಮಸದಾರ ಯಾರೋ."

"ನಾನೇ ರೀ."

"ಯಾರ ಸಲುವಾಗಿ ಬೇ?"

"ಮನಿಯವರ ಸಲುವಾಗಿ."

ಬೆಂಕಿಯ ಸುದ್ದಿ ಅವನಿಗೂ ಮುಟ್ಟಿತ್ತು. ಅಲಗನ್ನು ಮತ್ತೊಮ್ಮೆ ಸವರಿದ. "ಸ್ಟೀಲು ಅದ. ಜಂಗು ಹಿಡಿಯಂಗಿಲ್ಲ, ಖರೆ. ಆದ್ರ ಜಲ್ದಿ ಮಾತು ಕೇಳಂಗಿಲ್ಲ ಇದು. ಒಮ್ಮೆ ಕೇಳ್ತಂದ್ರ ಬಾಳ ದಿನ ಮರಿಯಂಗಿಲ್ಲ. ನಾಳಿ ಮುಂಜಾನೆ ಬಾ."

ಅವ್ವನನ್ನು ಹೆತ್ತ ಅಜ್ಜಿಗೆ ಇದು ಸರಿಬರಲಿಲ್ಲ. ಮಾರನೆಯ ದಿನ ನಮ್ಮ ಹಿಂದೆಯೇ ಬಂದು ಬೇವಿನ ಮರದ ಕೆಳಗೆ ನಿಂತು, "ಹೆಣ್ಣಮಗಳು ಉಸ್ತರಾ ಹಿಡದ್ರ ಮಂದಿ ಏನಂತಾರ?" ಅಂದಳು. ತಾತ ತಲೆ ಎತ್ತದೆ ಹೇಳಿದ: "ಮಂದಿ ಗಡ್ಡ ನಾ ತಗದೀನಿ ಯವ್ವಾ, ಮಂದಿ ನನಗ ಗೊತ್ತದ. ಅಲಗು ಗಂಟಲ ಮ್ಯಾಲ ಇರೂತನಕ ಸುಮ್ಮ ಕುಂದಿರ್ತಾರ. ಎದ್ದ ಮ್ಯಾಲ ಅಂತಾರ. ಅನ್ನಲಿ ಬಿಡು." ಅಜ್ಜಿ ಸೆರಗು ಕೊಡವಿ ಹೋದಳು, ಆದರೆ ಸಂಜೆ ಕಲ್ಲುಜ್ಜಿ ಸುಲಿದ ಅವ್ವನ ಬೆರಳಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದವಳೂ ಅವಳೇ.

ಮೊದಲ ದಿನ ತಾತ ಉಸ್ತರಾ ಮುಟ್ಟಗೊಡಲಿಲ್ಲ. ಅವನ ಹಳೆಯ ಸಾಣೆಕಲ್ಲು ನಡುವೆ ಸವೆದು ತಗ್ಗಾಗಿತ್ತು. ಅಂಗಳದ ಪರಸಿಗೆ ನೀರು ಚೆಲ್ಲಿ, ಸಣ್ಣ ಮರಳು ಉದುರಿಸಿ, ಆ ಕಲ್ಲನ್ನು ಅದರ ಮೇಲೆ ಉಜ್ಜಿ ಉಜ್ಜಿ ಸಮ ಮಾಡಿಸಿದ. "ಕಲ್ಲು ಸೊಟ್ಟ ಇತ್ತಂದ್ರ ಅಲಗು ಸೊಟ್ಟ ಆಗ್ತದ" ಅಂದ. ಬಿಸಿಲು ಏರುತ್ತಿದ್ದಂತೆ ಆ ಒದ್ದೆ ಕಲ್ಲುಗಳಿಂದ ಏಳುತ್ತಿದ್ದ ವಾಸನೆಯಲ್ಲಿ ನಾನು ಬೇವಿನ ಹಣ್ಣು ಆರಿಸುತ್ತ ಕೂತಿದ್ದೆ. ಎರಡನೆಯ ದಿನದಿಂದ ಮಸೆಯುವುದು. ಅಲಗಿನ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಬೇಕು. ಬಾಯಿ ಮುಂದಾಗಿ ದೂಡಬೇಕು. ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೆ ಹೊರಳಿಸಿ ವಾಪಸು ತರಬೇಕು. ಬಾಯಿಯ ಮೇಲೆ ಹೊರಳಿಸಿದರೆ ಅಷ್ಟು ಹೊತ್ತಿನ ಕೆಲಸವೆಲ್ಲ ನೀರಿನಲ್ಲಿ ಹೋಯಿತು. ಅವ್ವ ಬಗ್ಗಿ ಬಗ್ಗಿ ಅಲಗು ನೋಡುತ್ತಿದ್ದಳು. ಅವಳು ಬಗ್ಗಿದ್ದು ಅದು ಹೇಗೋ ತಾತನಿಗೆ ಗೊತ್ತಾಗುತ್ತಿತ್ತು. "ಕಣ್ಣಿಲೆ ನೋಡಬ್ಯಾಡ ಮಾಳವ್ವ, ಕಿವಿಲೆ ಕೇಳು. ಮೊದಲ ಮರಳು ತಿಂದಂಗ ಸಪ್ಪಳ ಬರ್ತದ. ಆಮ್ಯಾಲ ಬಟ್ಟಿ ಹರದಂಗ. ಕಡೀಗೆ ಕುರಿ ಎಳೇ ಹುಲ್ಲು ಮೇದಂಗ ಬರ್ತದ. ನೀ ಕುರಿಯವರ ಸೊಸಿ, ಅದು ನಿನಗ ತಿಳೀತದ."

ಹದಿನೈದು ದಿನ ಇದ್ದೆವು. ಕಲ್ಲಾದ ಮೇಲೆ ತೊಗಲಪಟ್ಟಿ. ಅದರ ಮೇಲೆ ಅಲಗನ್ನು ಬಾಯಿ ಹಿಂದಾಗಿ ಎಳೆಯಬೇಕು. ಹರಿತ ನೋಡಲೆಂದು ಅವ್ವ ತನ್ನ ಮುಂಗೈಯ ಕೂದಲು ತೆಗೆದು ತೆಗೆದು ಒಂದು ಕೈ ಬೋಳು ಮಾಡಿಕೊಂಡಳು. ಕೊನೆಯ ಬೆಳಿಗ್ಗೆ ತಾತ ಉಸ್ತರಾ ಮುಟ್ಟಿ ನೋಡಿ ತನ್ನ ಮೊಮ್ಮಗಳಿಂದ ನೀರು, ಸೋಪು ತರಿಸಿದ. ತಾನೇ ತನ್ನ ಕೆನ್ನೆಗೆ ಸೋಪು ಹಚ್ಚಿಕೊಂಡು ಮುಖ ಎತ್ತಿದ.

"ಹಚ್ಚು."

ಅವ್ವ ಹಿಂದೆ ಸರಿದಳು. "ನಾ ಒಲ್ಲೆ ತಾತಾ."

"ಐವತ್ತು ವರ್ಷ ಊರ ಮಂದಿ ಗಲ್ಲಕ್ಕ ಕೈ ಹಚ್ಚೀನಿ. ಕಣ್ಣು ಹೋದ ಮ್ಯಾಲ ನನ್ನ ಗಲ್ಲಕ್ಕ ಕೈ ಹಚ್ಚೋರು ಯಾರೂ ಇಲ್ಲ. ಹಚ್ಚವ್ವ."

ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೊಣಕಾಲೂರಿ ಕೂತಳು. ಆ ಹೊತ್ತು ನನಗೆ ಕೇಳಿಸಿದ್ದು ಮೇಲೆ ಬೇವಿನಲ್ಲಿ ಗುಬ್ಬಿಗಳ ಗದ್ದಲ, ಕೆಳಗೆ ಅಲಗು ಸರಿಯುವ ಸಣ್ಣ ಸಪ್ಪಳ. ಮುಗಿದ ಮೇಲೆ ತಾತ ಎರಡೂ ಕೆನ್ನೆ, ಗಂಟಲು, ಮೂಗಿನ ಕೆಳಗೆಲ್ಲ ಬೆರಳಾಡಿಸಿ ನೋಡಿದ. "ಬರೋಬರಿ ಆಗೇದ" ಅಂದ. "ಸುಟ್ಟ ತೊಗಲು ಎಳದು ಹಿಡಿ, ಒತ್ತಬ್ಯಾಡ. ಉಸ್ತರಾದ ತೂಕನೇ ಸಾಕು." ಆ ಸಾಣೆಕಲ್ಲು, ತೊಗಲಪಟ್ಟಿ ಎರಡನ್ನೂ ಅವ್ವನ ಉಡಿಗೆ ಹಾಕಿದ. ನಾವು ತಿರುಗಿ ದೇವದುರ್ಗಕ್ಕೆ ಹೋಗುವಷ್ಟರಲ್ಲಿ ತಾತ ಇರಲಿಲ್ಲ.

ಮನೆಗೆ ಬಂದ ಮೊದಲ ರವಿವಾರ ಅವ್ವ ಕಟ್ಟೆಯ ಮೇಲೆ ಪರಸಿ ತೊಳೆದು ಅಪ್ಪನನ್ನು ಕರೆದಳು. ಅವನು ಒಳಗಿನಿಂದ ಅಲುಗಲಿಲ್ಲ. ಅವಳು ಕರೆಯುವುದನ್ನು ಬಿಟ್ಟು ಮಸೆಯಲು ಕೂತಳು. ಎಷ್ಟೋ ಹೊತ್ತು ಮಸೆದಳು. ಆ ಸಪ್ಪಳ ಸಣ್ಣದಾಗುತ್ತ ಸಣ್ಣದಾಗುತ್ತ ಹೋಗಿ, ಇನ್ನೇನು ಕೇಳಿಸುವುದಿಲ್ಲ ಅನ್ನುವಾಗ ಅಪ್ಪ ಬಾಗಿಲಲ್ಲಿ ಬಂದು ನಿಂತ. "ಮಂದಿ ನೋಡ್ತಾರ" ಅಂದ. "ನೋಡಲಿ. ಮಾರಿ ಎತ್ರಿ" ಅಂದಳು ಅವ್ವ. ಒಂದು ಹನಿ ರಕ್ತ ಬರಲಿಲ್ಲ. ಕೊನೆಗೆ ಪಟಿಕದ ಹರಳನ್ನು ನೀರಿನಲ್ಲದ್ದಿ ಸುಟ್ಟ ಕೆನ್ನೆಯ ಮೇಲೆ ಮೆಲ್ಲಗೆ ತಿರುವಿದಳು. ಅಪ್ಪ ಕಣ್ಣು ಮುಚ್ಚಿ ಕೂತೇ ಇದ್ದ. ಅವ್ವ ಎದ್ದು ಹೋದ ಮೇಲೂ ಕೂತಿದ್ದ.

ಹೀಗೆ ಒಂಬತ್ತು ವರ್ಷದ ರವಿವಾರಗಳು. ಅಪ್ಪ ಅಕ್ಕಿ ಮಿಲ್ಲೊಂದರ ಗೇಟು ಕಾಯುವ ಕೆಲಸಕ್ಕೆ ಸೇರಿದ. ಟವೆಲ್ಲು ಮುಖದಿಂದ ಮತ್ತೆ ಹೆಗಲಿಗೆ ಇಳಿಯಿತು. ನಮ್ಮ ಮನೆಯ ಮುಂದೆ ಹೋಗುವವರು ಮೊದಮೊದಲು ನಿಂತು ನೋಡುತ್ತಿದ್ದರು, ಆಮೇಲೆ "ಆತೇನ್ರಿ ಬೀರಪ್ಪಣ್ಣ?" ಎಂದು ಕೇಳಿಕೊಂಡು ಹೋಗತೊಡಗಿದರು. ನನಗೆ ಹನ್ನೆರಡು ತುಂಬಿದಾಗ ಅವ್ವ ಸಾಣೆಕಲ್ಲನ್ನು ನನ್ನ ಮುಂದಿಟ್ಟಳು. ಕಲ್ಲು ಸಮ ಮಾಡುವುದರಿಂದ ತೊಗಲಪಟ್ಟಿಯವರೆಗೆ ಎಲ್ಲವನ್ನೂ ತಾತ ಹೇಳಿದ ಮಾತುಗಳಲ್ಲೇ ಹೇಳಿಕೊಟ್ಟಳು. ನಾನು ಅವಸರದಲ್ಲಿ ಬಾಯಿಯ ಮೇಲೆ ಹೊರಳಿಸಿದರೆ ಬೈಯುತ್ತಿರಲಿಲ್ಲ. "ಮತ್ತ ಮೊದಲಿಂದ" ಅನ್ನುತ್ತಿದ್ದಳು, ಅಷ್ಟೇ. ನಾನು ಮಸೆದದ್ದನ್ನು ಅವಳು ಮುಂಗೈಗೆ ಹಚ್ಚಿ ನೋಡಿ ತಲೆಯಾಡಿಸಿದರೆ ಆ ದಿನವೆಲ್ಲ ನನಗೆ ಹಬ್ಬ. ಆದರೆ ಅಪ್ಪನ ಮುಖಕ್ಕೆ ಮಾತ್ರ ಅವಳೇ ಕೈ ಹಚ್ಚುತ್ತಿದ್ದಳು. ಒಮ್ಮೆ ಕೇಳಿದೆ, ನಾನು ಮಾಡಲೇ ಎಂದು. "ಅದು ನನ್ನ ಕೆಲಸ" ಅಂದಳು. ಯಾಕೆ ಹಾಗೆ ಗಟ್ಟಿಯಾಗಿ ಹೇಳಿದಳೆಂದು ಆಗ ತಿಳಿಯಲಿಲ್ಲ.

ನನಗೆ ಹದಿನೈದಾದ ವರ್ಷ ಅವ್ವನಿಗೆ ಕಾಮಣಿಯಾಯಿತು. ಮೊದಲು ಕಣ್ಣು ಹಳದಿಯಾದವು, ಆಮೇಲೆ ಉಗುರು. ಯಾರೋ ಕೊಟ್ಟ ಬೇರು ಅರೆದು ಕುಡಿಸಿದೆವು, ದವಾಖಾನೆಗೆ ಸೇರಿಸಿದೆವು. ಒಂಬತ್ತು ದಿನ, ಅಷ್ಟೇ. ನಡುವೆ ಒಂದು ರವಿವಾರ ಬಂದಿತ್ತು. ಆ ದಿನ ಅವಳು ದವಾಖಾನೆಯ ಮಂಚದ ಮೇಲಿಂದಲೇ ಅಪ್ಪನ ಕೆನ್ನೆ ಮುಟ್ಟಿ, "ಗಡ್ಡ ಬಂದಾವ" ಅಂದಳು. ನಾನು ಅವಳ ಬಾಯಿಂದ ಕೇಳಿದ ಕೊನೆಯ ಮಾತು ಅದು.

ಅಪ್ಪ ಗಡ್ಡ ಬಿಟ್ಟ. ಟವೆಲ್ಲು ಮತ್ತೆ ಮುಖಕ್ಕೇರಿತು. ಮೂರನೆಯ ವಾರ ನಾನು ಉಸ್ತರಾ ಮಸೆದು, ನೀರು ಸೋಪು ಇಟ್ಟು, ಅವನ ಮುಂದೆ ನಿಂತೆ. "ಎತ್ತಿಡವ್ವ" ಅಂದ. ಮುಂದಿನ ವಾರವೂ ಅದೇ. ಆಮೇಲೆ ನಾನು ಕರೆಯುವುದನ್ನು ಬಿಟ್ಟೆ, ಮಸೆಯುವುದನ್ನು ಬಿಡಲಿಲ್ಲ. ಪ್ರತಿ ರವಿವಾರ ಬೆಳಿಗ್ಗೆ ಪರಸಿ ತೊಳೆದು, ಕಲ್ಲು ತೋಯಿಸಿ, ಯಾರೂ ಬಳಸದ ಅಲಗನ್ನು ಮಸೆದು, ತೊಗಲಪಟ್ಟಿಗೆ ಎಳೆದು, ಒರೆಸಿ ಮಡಚಿಡುತ್ತಿದ್ದೆ. ಬಳಸದಿದ್ದರೆ ಸ್ಟೀಲು ಹರಿತ ಕಳೆದುಕೊಳ್ಳುವುದಿಲ್ಲ, ನಿಜವಾಗಿ ನೋಡಿದರೆ ಮಸೆಯುವ ಅಗತ್ಯವೇ ಇರಲಿಲ್ಲ. ಆದರೆ ಆ ಸಪ್ಪಳ ನಿಂತರೆ ಮನೆಯಲ್ಲಿ ಅವ್ವ ಪೂರಾ ಇಲ್ಲವಾಗುತ್ತಾಳೆ ಅನ್ನಿಸುತ್ತಿತ್ತು. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ ಅಪ್ಪನೂ ಅದನ್ನು ಕೇಳುತ್ತಿದ್ದ, ನನಗೆ ಗೊತ್ತು. ಮೂರು ವರ್ಷ ಹಾಗೆ ಹೋಯಿತು.

ಮಾನ್ವಿಯಿಂದ ನನ್ನನ್ನು ನೋಡಲು ಬರುತ್ತಾರೆಂದು ಗೊತ್ತಾದ ದಿನ ಅಪ್ಪ ಹೇಳಿದ: "ಆವತ್ತು ನಾ ಮಿಲ್ಲಿಗೆ ಹೋಗ್ತೀನಿ. ಮಲ್ಲಟದಿಂದ ನಿಮ್ಮ ಕಾಕಾ ಬಂದು ಕುಂದಿರ್ತಾನ."

"ಯಾಕಪ್ಪಾ?"

"ಈ ಮಾರಿ ನೋಡಿ ಎದ್ದು ಹೋದ್ರಂದ್ರ?"

"ಹೋಗಲಿ. ನೀ ಕುಂದ್ರಲಿಲ್ಲಂದ್ರ ನಾನೂ ಹೊರಗ ಬರಂಗಿಲ್ಲ."

ಅವನು ಟವೆಲ್ಲು ಬಿಗಿಮಾಡಿಕೊಂಡು ಕೆಲಸಕ್ಕೆ ಹೋದ. ಅವರು ಬರುವ ಬೆಳಿಗ್ಗೆ ನಾನು ಎಂದಿನಂತೆ ಕಟ್ಟೆಯ ಮೇಲೆ ಮಸೆಯುತ್ತಿದ್ದೆ. ಹಿಂದೆ ಹೆಜ್ಜೆ ಕೇಳಿಸಿತು. ಅಪ್ಪ ಬಂದು ಅವ್ವನ ಮುಂದೆ ಕೂರುತ್ತಿದ್ದ ಜಾಗದಲ್ಲೇ ಕೂತು, ಟವೆಲ್ಲನ್ನು ತಾನೇ ಬಿಚ್ಚಿದ. ಮೂರು ವರ್ಷದಲ್ಲಿ ನಾನು ಆ ಮುಖವನ್ನು ಬೆಳಕಿನಲ್ಲಿ ನೋಡಿರಲಿಲ್ಲ. ಗಡ್ಡದ ಕೆಳಗೆ ಹುಣ್ಣಾಗಿ ಆರಿದ ಕಲೆಗಳಿದ್ದವು, ಕೆಲವು ಇನ್ನೂ ಆರಿರಲಿಲ್ಲ. ಮೊದಲು ಕತ್ತರಿಯಿಂದ ಉದ್ದದ ಕೂದಲು ತೆಗೆದೆ. ಬಿಸಿನೀರಿನ ಬಟ್ಟೆ ಹಾಕಿದೆ. ಸೋಪು ಹಚ್ಚಿದೆ. ಬಲಗೆನ್ನೆ ಮುಗಿಸಿ ಎಡಗಡೆ ಬಂದು, ಬೆರಳಿನಿಂದ ತೊಗಲು ಎಳೆದು ಹಿಡಿದು, ಅಲಗನ್ನು ದವಡೆಯ ಮೇಲೆ ಇಟ್ಟಾಗ ಅಪ್ಪ ತುಟಿ ಹೆಚ್ಚು ಅಲುಗಿಸದೆ ಹೇಳಿದ:

"ನಿಮ್ಮವ್ವ ಒಳಗ ಅದಾಳಂತ ಹೋಗಿದ್ದೆ."

ನಾನು ಅಲಗು ಎತ್ತಿದೆ.

"ಗೋದಾಮಿನ್ಯಾಗ ಹತ್ತಿ ಆರಸ್ತಿದ್ಲು, ಅಲ್ಲೇ ಇರ್ತಾಳಂತ ತಿಳದೆ. ಕೂಗ್ಕೊಂತ ಕಡೀತನಕ ಹೋದೆ. ಇರಲಿಲ್ಲ."

"ಎಲ್ಲಿದ್ಲು?"

"ಮನಿಗೆ ಬಂದಿದ್ಲು. ನಿನಗ ಜ್ವರ ಜಾಸ್ತಿ ಆಗೇದಂತ ಯಾರೋ ಹೇಳಿ ಕಳಿಸಿದ್ರು. ಹಿಂದಿನ ಗೇಟಿಂದ ಹೋಗಿದ್ಲು, ನನಗ ಗೊತ್ತಾಗಲಿಲ್ಲ."

ಅವ್ವ ಆವತ್ತು "ಅದು ನನ್ನ ಕೆಲಸ" ಎಂದು ಯಾಕೆ ಅಷ್ಟು ಗಟ್ಟಿಯಾಗಿ ಹೇಳಿದಳೆಂದು ಆಗ ತಿಳಿಯಿತು. ಅದಕ್ಕಿಂತ ಹೆಚ್ಚಾಗಿ, ಆ ಮಧ್ಯಾಹ್ನ ಹೊದ್ದು ಮಲಗಿದ್ದ ಆರು ವರ್ಷದ ನಾನು ಕಣ್ಣ ಮುಂದೆ ಬಂದೆ. ಅಲಗನ್ನು ನೀರಿನಲ್ಲದ್ದಿ ಹಾಗೇ ಹಿಡಿದುಕೊಂಡೆ. ಅಪ್ಪ ಅದನ್ನು ನೋಡಿದ.

"ಅಂಜಬ್ಯಾಡ. ಇದಕ್ಕೇ ಆಕಿ ನಿನಗ ಹೇಳಗೊಡಲಿಲ್ಲ. ನಿನಗ ಜ್ವರ ಬರಲಿಲ್ಲಂದ್ರ ಆಕಿ ಒಳಗಿರ್ತಿದ್ಲು. ನಿನ್ನ ಜ್ವರ ಆಕೀನ್ನ ಉಳಿಸ್ತು. ನಾ ಹಂಗ ತಿಳಕೊಂಡೀನಿ." ಮುಖ ಎತ್ತಿ, "ಹಚ್ಚು, ಅವರು ಬರೋ ಹೊತ್ತಾತು" ಅಂದ.

ಕಿವಿಯ ಕೆಳಗೆ ಒಂದು ಕಡೆ ಗಾಯ ಮಾಡಿದೆ. ಅವನು ಅಲುಗಲಿಲ್ಲ. ನಾನು ಪಟಿಕ ಹಚ್ಚುವಾಗ ಅವನ ಕಣ್ಣಿಂದ ನೀರು ಇಳಿದು ಸೋಪಿನ ಜೊತೆ ಸೇರಿತು. ಪಟಿಕದ ಉರಿಗೆ ಬಂದದ್ದೆಂದು ಇಬ್ಬರೂ ಅಂದುಕೊಂಡೆವು. ಮಾನ್ವಿಯವರು ಬಂದರು. ಅಪ್ಪ ಬರಿಮುಖದಲ್ಲಿ ಅವರೆದುರು ಚಾಪೆಯ ಮೇಲೆ ಕೂತ. ನನ್ನ ಮಾವನಾಗಲಿದ್ದ ಮುದುಕ ಅವನ ಮುಖವನ್ನು ನೇರವಾಗಿ ನೋಡಿ, "ಬೆಂಕಿಯಾಗ ಆಗಿದ್ದೇನ್ರಿ?" ಎಂದು ಕೇಳಿದ. "ಹೌದ್ರಿ" ಅಂದ ಅಪ್ಪ. ಅಲ್ಲಿಗೆ ಆ ಮಾತು ಮುಗಿದು ಮಳೆ ಬೆಳೆಯ ಮಾತು ಶುರುವಾಯಿತು.

ಮದುವೆಯಾದ ಮೇಲೆ ಎರಡು ವಾರಕ್ಕೊಮ್ಮೆ ರವಿವಾರದ ಮೊದಲ ಬಸ್ಸಿಗೆ ಮಾನ್ವಿಯಿಂದ ರಾಯಚೂರಿಗೆ ಹೋಗಿ, ಅಪ್ಪನ ಗಡ್ಡ ತೆಗೆದು, ರೊಟ್ಟಿ ಬಡಿದಿಟ್ಟು, ಸಂಜೆ ವಾಪಸಾಗುತ್ತಿದ್ದೆ. ಮೊದಲ ಹೆರಿಗೆಗೆ ಹೋಗಲು ತವರಿನಲ್ಲಿ ತಾಯಿ ಇಲ್ಲದ್ದರಿಂದ ಮಾನ್ವಿಯಲ್ಲೇ ಹೆತ್ತೆ. ಮೂರು ತಿಂಗಳು ಹೋಗಲಾಗಲಿಲ್ಲ. ಅಪ್ಪ ಮತ್ತೆ ಟವೆಲ್ಲು ಸುತ್ತಿಕೊಂಡಿರುತ್ತಾನೆ ಎಂದು ನೆನೆದು ಬಾಣಂತಿ ಕೋಣೆಯಲ್ಲಿ ಅಳುತ್ತಿದ್ದೆ. ಆದರೆ ಮಗುವನ್ನು ನೋಡಲು ಬಂದಾಗ ಅವನ ಕೆನ್ನೆ ನುಣ್ಣಗಿತ್ತು.

"ಯಾರು ಮಾಡಿದ್ರಪ್ಪಾ?"

"ಸ್ಟೇಷನ್ ಕಡೆ ಒಬ್ಬ ಹೊಸ ಹುಡುಗ ಅಂಗಡಿ ಹಾಕ್ಯಾನ. ಅವನ ಉಸ್ತರಾಕ್ಕ ಬ್ಲೇಡು ಮುರದು ಸಿಗಸ್ತಾನ. ಮಸಿಯೋದೇ ಇಲ್ಲ." ಆಮೇಲೆ ನನ್ನ ಮುಖ ನೋಡಿ, ತಪ್ಪು ಒಪ್ಪಿಕೊಳ್ಳುವವನ ಹಾಗೆ ಅಂದ: "ಕೈ ಚಲೋ ಅದ ಅವಂದು. ನೀ ಕೂಸಿನ್ನ ಎತ್ಕೊಂಡು ಬಸ್ಸಿನ್ಯಾಗ ಬರೋದು ಬ್ಯಾಡ ಇನ್ನ."

ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಊರಿನಲ್ಲಿ ಅವನು ಮುಖ ತೋರಿಸಿ ಕೂರಬಹುದಾದ ಒಂದು ಕುರ್ಚಿ ಕೊನೆಗೂ ಸಿಕ್ಕಿತ್ತು. ಅವ್ವ ಬಯಸಿದ್ದೂ ಅದನ್ನೇ. ಆದರೂ ಅವನು ಹೋದ ಮೇಲೆ ಬಚ್ಚಲಲ್ಲಿ ಕೂತು ನನ್ನ ಎರಡೂ ಕೈಗಳನ್ನು ನೋಡಿಕೊಂಡೆ. ಕಲಿತದ್ದು ಕೈಯಲ್ಲಿ ಹಾಗೇ ಇತ್ತು, ಅದನ್ನು ಕೇಳುವವರು ಇಲ್ಲವಾಗಿದ್ದರು.

ಎಂಬತ್ತರ ದಶಕ ಮುಗಿಯುವ ಚಳಿಗಾಲದಲ್ಲಿ ಅಪ್ಪ ಹೋದ. ಮಿಲ್ಲಿನ ಗೇಟಿನ ಬಳಿ, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕೂತವನು ಏಳಲಿಲ್ಲವಂತೆ. ಸುದ್ದಿ ಮುಟ್ಟಿ, ಬಸ್ಸು ಸಿಕ್ಕು, ಮಗುವನ್ನು ಎತ್ತಿಕೊಂಡು ನಾನು ಸಾಲುಮನೆ ಸೇರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಓಣಿಯವರು ಅವನಿಗೆ ನೀರು ಹಾಕಿ, ಹೊಸ ಧೋತರ ಉಡಿಸಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ನಾನು ಹೋಗಿ ಅವನ ಮುಂದೆ ಕೂತೆ. ಯಾರೋ ಅವನ ಗಡ್ಡ ತೆಗೆದಿದ್ದರು. ಕಿವಿಯ ಹಿಂದೆ, ದವಡೆಯ ಕೆಳಗೆ, ಗಾಯದ ಏಣುಗಳ ಸಂದುಗಳಲ್ಲಿ, ಎಲ್ಲೂ ಒಂದು ಕೂದಲು ಬಿಟ್ಟಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ಸತ್ತವನಿಗೆ ನೋವಿಲ್ಲವೆಂದು ಅವಸರ ಮಾಡಿದ ಕೈಯಲ್ಲ ಅದು. ಸ್ಟೇಷನ್ ಕಡೆಯ ಆ ಹುಡುಗನದೇ ಇದ್ದೀತು, ಸುತ್ತ ನಿಂತವರಲ್ಲಿ ಅದು ಯಾರ ಕೈ ಎಂದು ನಾನು ಕೇಳಲಿಲ್ಲ. ಬಾಗಿಲ ಹೊರಗೆ ಜನ ಹೆಚ್ಚುತ್ತಿದ್ದರು, ಒಬ್ಬೊಬ್ಬರೇ ಬಂದು ಅಪ್ಪನ ಮುಖ ನೋಡಿ ಕೈಮುಗಿದು ಹೋಗುತ್ತಿದ್ದರು. ನಾನು ಗೋಡೆಯ ಕಡೆ ಸರಿದು ಅವರಿಗೆ ಜಾಗ ಬಿಟ್ಟೆ.